ಬ್ಯಾಕಪ್ ತೆವಳುತ್ತಿದೆಯೇ? ಮೊದಲು ಗ್ರಾಫ್ ನೋಡಿ

ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್‌ಗೆ ಬ್ಯಾಕಪ್ ರಾತ್ರಿಯಿಡೀ ಓಡಿದರೂ ಮುಗಿಯದಿದ್ದರೆ ಬಹಳ ಜನ ನೇರವಾಗಿ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ ಹೊಸ ಡಿಸ್ಕ್ ತರುತ್ತಾರೆ. ಹೆಚ್ಚಿನ ಸಲ ಅದರ ಅಗತ್ಯವೇ ಇರುವುದಿಲ್ಲ. ವಿಂಡೋಸ್‌ನ ಕಾಪಿ ಕಿಟಕಿಯಲ್ಲಿ ‘ಮೋರ್ ಡೀಟೇಲ್ಸ್’ ಒತ್ತಿದರೆ ಬರುವ ಹಸಿರು ಗ್ರಾಫನ್ನು ಹತ್ತು ನಿಮಿಷ ಗಮನಿಸಿ. ತೊಂದರೆ ಎಲ್ಲಿದೆ ಎಂಬುದನ್ನು ಬಹುಪಾಲು ಅದೇ ಹೇಳುತ್ತದೆ.

ಗೆರೆ ಸೆಕೆಂಡಿಗೆ 30–40 ಎಂಬಿ ಹತ್ತಿರ ಅಲುಗಾಡದೆ ನಿಂತಿದೆ ಎಂದರೆ ಡಿಸ್ಕ್ ಯುಎಸ್‌ಬಿ 2.0ರಲ್ಲಿ ಓಡುತ್ತಿದೆ. ಅದರ ಲೆಕ್ಕದ ವೇಗ ಸೆಕೆಂಡಿಗೆ 480 ಮೆಗಾಬಿಟ್, ಅಂದರೆ 60 ಎಂಬಿ ಇದ್ದರೂ ಕೈಗೆ ಸಿಗುವುದು ಇಷ್ಟೇ. ಅದೇ ಡಿಸ್ಕ್ ಯುಎಸ್‌ಬಿ 3.0ರಲ್ಲಿ ಸುಮಾರು 110 ಎಂಬಿ ಕೊಡಬಲ್ಲದು. 500 ಜಿಬಿ ಕಾಪಿಗೆ ಮೊದಲನೆಯದರಲ್ಲಿ ನಾಲ್ಕು ಗಂಟೆ, ಎರಡನೆಯದರಲ್ಲಿ ಒಂದೂಕಾಲು ಗಂಟೆ.

ಇಲ್ಲಿ ತಪ್ಪು ಸಾಮಾನ್ಯವಾಗಿ ಕೇಬಲ್‌ನದು. ಪೋರ್ಟಬಲ್ ಡಿಸ್ಕ್‌ನ ಸಾಕೆಟ್ ಅಗಲವಾಗಿದ್ದು, ನಡುವೆ ಒಂದು ಗೋಡೆಯಿಂದ ಎರಡು ಭಾಗವಾಗಿರುತ್ತದೆ ನೋಡಿ, ಅದು ಮೈಕ್ರೋ-ಬಿ 3.0. ಅದರ ದೊಡ್ಡ ಭಾಗಕ್ಕೆ ಹಳೆಯ ಮೊಬೈಲ್ ಚಾರ್ಜರ್ ಕೇಬಲ್ಲೂ ಸರಿಯಾಗಿ ಕೂರುತ್ತದೆ, ಡಿಸ್ಕ್ ತೆರೆದುಕೊಳ್ಳುತ್ತದೆ, ಯಾವ ಎರರ್ ಕೂಡ ಬರುವುದಿಲ್ಲ. ಆದರೆ 3.0 ವೇಗದ ತಂತಿಗಳು ಇರುವುದು ಪಕ್ಕದ ಚಿಕ್ಕ ಭಾಗದಲ್ಲಿ. ಟೈಪ್-ಸಿ ಕೇಬಲ್‌ನದೂ ಇದೇ ಪಾಡು: ಫೋನ್ ಜೊತೆ ಬರುವ ಬಹುತೇಕ ಕೇಬಲ್‌ಗಳು ಒಳಗೆ ಯುಎಸ್‌ಬಿ 2.0 ಮಾತ್ರ. ಅಂಗಡಿಯಲ್ಲಿ ಬರೀ ‘ಟೈಪ್-ಸಿ ಕೇಬಲ್’ ಎನ್ನದೆ ‘5 ಜಿಬಿಪಿಎಸ್ ಡೇಟಾ ಕೇಬಲ್, ಅರ್ಧ ಮೀಟರ್’ ಎಂದು ಕೇಳಿ. ಉದ್ದದ ಅಗ್ಗದ ಕೇಬಲ್‌ಗಳಲ್ಲಿ ಸಿಗ್ನಲ್ ಕುಗ್ಗಿ, ಕನೆಕ್ಷನ್ ಕಳಚಿ ಮತ್ತೆ ಕೂಡಿಕೊಳ್ಳುವುದುಂಟು.

ಡೆಸ್ಕ್‌ಟಾಪ್ ಆದರೆ ಕ್ಯಾಬಿನೆಟ್ ಮುಂಭಾಗದ ಪೋರ್ಟ್ ಬಿಟ್ಟು ಹಿಂದೆ ಮದರ್‌ಬೋರ್ಡಿನಲ್ಲೇ ಇರುವ ನೀಲಿ ಪೋರ್ಟಿಗೆ ಚುಚ್ಚಿ. ಹಬ್ ಬೇಡ. ಯುಎಸ್‌ಬಿ 2.0 ಪೋರ್ಟ್ 500 ಮಿಲಿಆಂಪ್ ಕೊಟ್ಟರೆ 3.0 ಪೋರ್ಟ್ 900 ಕೊಡುತ್ತದೆ. ಪ್ರತ್ಯೇಕ ಅಡಾಪ್ಟರ್ ಇಲ್ಲದ ಹಬ್ ಆ ಕರೆಂಟನ್ನು ಎಲ್ಲ ಸಾಧನಗಳಿಗೂ ಹಂಚುತ್ತದೆ. ಡಿಸ್ಕ್ ‘ಟಿಕ್ ಟಿಕ್’ ಎನ್ನುತ್ತಾ ಕಾಣಿಸಿ ಮಾಯವಾಗುವುದು ಎಷ್ಟೋ ಸಲ ಈ ಕೊರತೆಯಿಂದಲೇ. ಲಿನಕ್ಸ್‌ನಲ್ಲಿ ‘ಎಲ್‌ಎಸ್‌ಯುಎಸ್‌ಬಿ ಹೈಫನ್ ಟಿ’ ಕಮಾಂಡ್ ಕೊಟ್ಟರೆ ಡಿಸ್ಕ್ ಎದುರು 480ಎಂ (2.0) ಅಥವಾ 5000ಎಂ (3.0) ಎಂದು ಬರುತ್ತದೆ, ಅನುಮಾನವೇ ಉಳಿಯುವುದಿಲ್ಲ.

ಇನ್ನೊಂದು ಗ್ರಾಫ್ ಇದೆ: 120 ಎಂಬಿಯಲ್ಲಿ ಚೆನ್ನಾಗಿ ಹೊರಟು, ಹಲವು ಹತ್ತು ಜಿಬಿ ಆದ ಮೇಲೆ 20ಕ್ಕೋ 10ಕ್ಕೋ ಕುಸಿಯುತ್ತದೆ. ಮದುವೆ ಸೀಸನ್‌ನಲ್ಲಿ ಒಂದೇ ಸಲಕ್ಕೆ 300 ಜಿಬಿ ವಿಡಿಯೋ ಸುರಿಯುವ ಸ್ಟುಡಿಯೋದವರಿಗೆ ಇದು ಚೆನ್ನಾಗಿ ಗೊತ್ತು. ಇದು ಎಸ್‌ಎಂಆರ್ ಡಿಸ್ಕ್. ಮಂಗಳೂರು ಹೆಂಚು ಹೊದಿಸಿದಂತೆ ಇದರಲ್ಲಿ ಒಂದು ಟ್ರ್ಯಾಕ್ ಇನ್ನೊಂದರ ಅಂಚನ್ನು ಮುಚ್ಚಿರುತ್ತದೆ, ಹಾಗಾಗಿ ನಡುವೆ ಒಂದನ್ನು ಬದಲಿಸಲು ಆ ಗುಂಪಿನಲ್ಲಿ ಅದರ ಮುಂದಿನವನ್ನೆಲ್ಲ ಮತ್ತೆ ಬರೆಯಬೇಕು. ಡಿಸ್ಕ್ ಮೊದಲು ಒಂದು ಕ್ಯಾಶ್ ಜಾಗಕ್ಕೆ ಬೇಗ ಬರೆದುಕೊಂಡು, ಬಿಡುವಾದಾಗ ಸರಿಯಾದ ಜಾಗಕ್ಕೆ ಸಾಗಿಸುತ್ತದೆ. ಕ್ಯಾಶ್ ತುಂಬಿದರೆ ಬರೆಯುವುದು ಮತ್ತು ಸಾಗಿಸುವುದು ಒಟ್ಟಿಗೇ ನಡೆಯಬೇಕಾಗುತ್ತದೆ, ಆಗಲೇ ಗೆರೆ ನೆಲ ಕಚ್ಚುವುದು. 2.5 ಇಂಚಿನ ದೊಡ್ಡ ಸಾಮರ್ಥ್ಯದ ಪೋರ್ಟಬಲ್ ಡಿಸ್ಕ್‌ಗಳಲ್ಲಿ ಬಹುಪಾಲು ಇದೇ ಬಗೆಯವು.

ಇದಕ್ಕೆ ಸೆಟ್ಟಿಂಗ್ ಮದ್ದು ಇಲ್ಲ. ದೊಡ್ಡ ಕಾಪಿಯನ್ನು ಕಂತುಗಳಲ್ಲಿ ಮಾಡಿ, ನಡುವೆ ಒಂದು ಗಂಟೆ ಡಿಸ್ಕನ್ನು ತೆಗೆಯದೆ ಸುಮ್ಮನೆ ಬಿಡಿ. ಹಳೆಯ ಬ್ಯಾಕಪ್ ಅಳಿಸಿ ಅದೇ ಜಾಗದಲ್ಲಿ ಪೂರ್ತಿ ಹೊಸದನ್ನು ಬರೆಯುವ ಅಭ್ಯಾಸ ಬಿಡಿ. ದಿನವೂ ದೊಡ್ಡ ಫೈಲ್ ಬರೆಯುವವರಾದರೆ ಟ್ರ್ಯಾಕ್‌ಗಳು ಹೀಗೆ ಒಂದನ್ನೊಂದು ಮುಚ್ಚದ ಸಿಎಂಆರ್ ಡಿಸ್ಕನ್ನೇ ಕೊಳ್ಳಿ. 2020ರಲ್ಲಿ ವೆಸ್ಟರ್ನ್ ಡಿಜಿಟಲ್‌ನ ಕೆಲವು ‘ರೆಡ್’ ಡಿಸ್ಕ್‌ಗಳು ಎಸ್‌ಎಂಆರ್ ಎಂಬುದು ಬಯಲಾದ ಮೇಲೆ ತಯಾರಕರು ಮಾದರಿವಾರು ಪಟ್ಟಿ ಪ್ರಕಟಿಸಿದ್ದಾರೆ. ದುಡ್ಡು ಕೊಡುವ ಮೊದಲು ಮಾಡೆಲ್ ನಂಬರ್ ಅದರಲ್ಲಿ ಹುಡುಕಿ.

ಗ್ರಾಫ್ ಹಲ್ಲುಹಲ್ಲಾಗಿದ್ದು ವೇಗ ಕೆಬಿಗೆ ಇಳಿದಿದ್ದರೆ ಸಣ್ಣ ಫೈಲ್‌ಗಳ ಕಾಟ. ಒಂದು 4 ಜಿಬಿ ವಿಡಿಯೋ ಅರ್ಧ ನಿಮಿಷದಲ್ಲಿ ಹೋಗುವ ಡಿಸ್ಕಿಗೆ ಅಷ್ಟೇ ತೂಕದ ಲಕ್ಷಾಂತರ ಚಿಕ್ಕ ಫೈಲ್‌ಗಳನ್ನು ಕೊಟ್ಟರೆ ಗಂಟೆಗಳು ಹಿಡಿಯುತ್ತವೆ, ಏಕೆಂದರೆ ಪ್ರತಿ ಫೈಲಿಗೂ ಪಟ್ಟಿಯಲ್ಲಿ ಹೆಸರು ಬರೆದು, ಜಾಗ ಹುಡುಕಿ, ಹೆಡ್ ಓಡಾಡಬೇಕು. ಪ್ರೋಗ್ರಾಮರ್‌ಗಳೇ, ‘ನೋಡ್ ಮಾಡ್ಯೂಲ್ಸ್’ ಫೋಲ್ಡರ್ ಬ್ಯಾಕಪ್‌ಗೆ ಬೇಡವೇ ಬೇಡ. ಲಾಕ್ ಫೈಲ್ ಇದ್ದರೆ ಮತ್ತೆ ಇನ್‌ಸ್ಟಾಲ್ ಮಾಡಿಕೊಳ್ಳಬಹುದು. ಬ್ರೌಸರ್ ಕ್ಯಾಶ್ ಕೂಡ ಬಿಡಿ. ಮುಗಿದುಹೋದ ಹಳೆಯ ಪ್ರಾಜೆಕ್ಟ್‌ಗಳನ್ನು 7-ಜಿಪ್‌ನಲ್ಲಿ ‘ಸ್ಟೋರ್’ ಆಯ್ಕೆಯಿಂದ, ಅಂದರೆ ಕಂಪ್ರೆಸ್ ಮಾಡದೆ, ಒಂದೇ ಫೈಲ್ ಆಗಿ ಕಟ್ಟಿ ಕಳಿಸಿ. ದಿನವೂ ಬದಲಾಗುವ ಫೋಲ್ಡರಿಗೆ ಹೀಗೆ ಮಾಡಬೇಡಿ, ಒಂದು ಸಾಲು ಬದಲಾದರೂ ಇಡೀ ಗಂಟು ಮತ್ತೆ ಹೋಗಬೇಕಾಗುತ್ತದೆ.

ಎಳೆದು ಬಿಡುವ ಕಾಪಿ-ಪೇಸ್ಟ್ ಬ್ಯಾಕಪ್‌ಗೆ ತಕ್ಕದ್ದಲ್ಲ. ವಿಂಡೋಸ್‌ನಲ್ಲಿ ರೋಬೊಕಾಪಿ, ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಆರ್‌ಸಿಂಕ್ ಎಂಬ ಕಮಾಂಡ್ ಬಳಸಿ. ಎರಡೂ ಬದಲಾದ ಫೈಲ್‌ಗಳನ್ನಷ್ಟೇ ಕಳಿಸುತ್ತವೆ. ನಿಜವಾದ ಸಮಯ ಉಳಿಯುವುದು ಇಲ್ಲಿಯೇ. ರೋಬೊಕಾಪಿಗೆ ‘ಸ್ಲ್ಯಾಶ್ ಆರ್ ಕೋಲನ್ 1’ ಮತ್ತು ‘ಸ್ಲ್ಯಾಶ್ ಡಬ್ಲ್ಯೂ ಕೋಲನ್ 1’ ತಪ್ಪದೆ ಕೊಡಿ. ಕೊಡದಿದ್ದರೆ ತೆರೆಯಲಾಗದ ಒಂದು ಫೈಲಿಗಾಗಿ ಅದು 30 ಸೆಕೆಂಡಿಗೊಮ್ಮೆ 10 ಲಕ್ಷ ಸಲ ಪ್ರಯತ್ನಿಸುತ್ತದೆ, ನಮಗೆ ಬ್ಯಾಕಪ್ ಹೆಪ್ಪುಗಟ್ಟಿದಂತೆ ಕಾಣುತ್ತದೆ. ‘ಸ್ಲ್ಯಾಶ್ ಎಂಐಆರ್’ ಬಳಸುವಾಗ ಮಾತ್ರ ಮೈಯೆಲ್ಲ ಕಣ್ಣಾಗಿರಿ: ಮೂಲದಲ್ಲಿ ಇಲ್ಲದ್ದನ್ನು ಅದು ಬ್ಯಾಕಪ್‌ನಿಂದಲೂ ಅಳಿಸುತ್ತದೆ.

ಗೆರೆ ಸೊನ್ನೆಗೆ ಬಿದ್ದು, ಎದ್ದು, ಮತ್ತೆ ಬೀಳುತ್ತಿದ್ದರೆ ವೇಗದ ಚಿಂತೆ ಬಿಟ್ಟು, ಡಿಸ್ಕ್‌ನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಸಾಫ್ಟ್‌ವೇರ್ ತೆರೆಯಿರಿ. ಸಿ5, ಸಿ6 ಸಾಲುಗಳಲ್ಲಿ ಸೊನ್ನೆಯಲ್ಲದ ಅಂಕಿ ಇದ್ದರೆ ಡಿಸ್ಕ್ ಓದಲಾಗದ ಸೆಕ್ಟರ್‌ಗಳ ಜೊತೆ ಗುದ್ದಾಡುತ್ತಿದೆ. ಅದರಲ್ಲಿರುವುದನ್ನು ಕೂಡಲೇ ಬೇರೆಡೆ ಇಳಿಸಿಕೊಳ್ಳಿ. ಈ ಒಂದು ಸಂದರ್ಭದಲ್ಲಿ ಹೊಸ ಡಿಸ್ಕ್ ಬೇಕೇ ಬೇಕು.

ಇನ್ನು ರೈಟ್ ಕ್ಯಾಶಿಂಗ್. ಡಿವೈಸ್ ಮ್ಯಾನೇಜರ್‌ನಲ್ಲಿ ಡಿಸ್ಕ್‌ನ ‘ಪಾಲಿಸೀಸ್’ ಟ್ಯಾಬ್‌ಗೆ ಹೋಗಿ ‘ಬೆಟರ್ ಪರ್ಫಾರ್ಮೆನ್ಸ್’ ಆರಿಸಿದರೆ ಸಣ್ಣ ಫೈಲ್‌ಗಳ ಕಾಪಿ ಸ್ವಲ್ಪ ಚುರುಕಾಗುತ್ತದೆ. ಆದರೆ ಡೇಟಾ ಡಿಸ್ಕಿಗೆ ಇಳಿಯುವ ಮೊದಲು ಮೆಮೊರಿಯಲ್ಲಿ ಕಾಯುತ್ತಿರುತ್ತದೆ. ಬೇಸಿಗೆ ಮಳೆಯ ಸಂಜೆ ಕರೆಂಟ್ ಹೋಗಿ ಬರುವ ನಮ್ಮ ಊರಿನಲ್ಲಿ ಯುಪಿಎಸ್ ಇಲ್ಲದ ಡೆಸ್ಕ್‌ಟಾಪಿಗೆ ಇದು ಬೇಡ. ಎಕ್ಸ್‌ಫ್ಯಾಟ್ ಫಾರ್ಮ್ಯಾಟ್‌ಗೆ ಜರ್ನಲಿಂಗ್, ಅಂದರೆ ಬದಲಾವಣೆಯನ್ನು ಮೊದಲೇ ದಾಖಲಿಸಿಟ್ಟುಕೊಳ್ಳುವ ವ್ಯವಸ್ಥೆ, ಇಲ್ಲದ ಕಾರಣ ಅಪಾಯ ಇನ್ನೂ ಹೆಚ್ಚು. ವಿಂಡೋಸ್‌ಗಷ್ಟೇ ಬಳಸುವ ಡಿಸ್ಕ್ ಆದರೆ ಎನ್‌ಟಿಎಫ್‌ಎಸ್‌ನಲ್ಲೇ ಫಾರ್ಮ್ಯಾಟ್ ಮಾಡಿ. ಲ್ಯಾಪ್‌ಟಾಪ್‌ನಲ್ಲಿ ಬ್ಯಾಟರಿ ಇರುವುದರಿಂದ ‘ಬೆಟರ್ ಪರ್ಫಾರ್ಮೆನ್ಸ್’ ಆಯ್ಕೆಯನ್ನು ಧೈರ್ಯವಾಗಿ ಹಾಕಿಕೊಳ್ಳಬಹುದು, ಕೇಬಲ್ ಕೀಳುವ ಮೊದಲು ‘ಸೇಫ್ಲಿ ರಿಮೂವ್’ ಒತ್ತುವುದನ್ನು ಮಾತ್ರ ಮರೆಯಬಾರದು.