ಬೋಣಿ ಆದ ಮೇಲಿನ ಕಥೆಗಳು

ಗೋಡೆ ಪತ್ರಿಕೆ ಎಂದರೆ ಮುದ್ದಾದ ಅಕ್ಷರದವರ ಸ್ವತ್ತು ಎಂಬ ರೂಢಿ ಎಷ್ಟೋ ಶಾಲೆಗಳಲ್ಲಿದೆ. ಬಸವನಗುಡಿಯ ನಮ್ಮ ಶಾಲೆಯಲ್ಲಿ ಕನ್ನಡ ಮೇಷ್ಟ್ರು ಅದಕ್ಕೆ ಒಪ್ಪುತ್ತಿರಲಿಲ್ಲ. ಹೇಳುವವರು ಒಬ್ಬರು, ಬರೆದುಕೊಳ್ಳುವವರು ಇನ್ನೊಬ್ಬರು. ಹೆಸರು ಮಾತ್ರ ಇಬ್ಬರದೂ. ಮನೆಯಲ್ಲಿ ತಮಿಳು, ತೆಲುಗು, ದಖನಿ ಆಡುವ ಮಕ್ಕಳ ಕಥೆಗಳೂ ಗೋಡೆ ಹತ್ತಿದ್ದು ಈ ಏರ್ಪಾಡಿನಿಂದಲೇ.

ಕಾರ್ತಿಕದ ಕೊನೆಯ ಸೋಮವಾರದ ಕಡಲೆಕಾಯಿ ಪರಿಷೆಗೆ ವಿಶೇಷ ಸಂಚಿಕೆ ಇರುತ್ತಿತ್ತು. ಜೋಡಿಗೊಂದು ನೋಟ್‌ಬುಕ್ಕು, ಎರಡು ಪೆನ್ಸಿಲ್ಲು. ಆ ನೂಕುನುಗ್ಗಲಲ್ಲಿ ಒಂದರ ಮೊನೆ ಮುರಿಯದೆ ಇರದು. ಬೋಣಿಗೆ ಮುಂಚೆ ಮಾತಾಡಿಸಿದರೆ ಯಾವ ವ್ಯಾಪಾರಿಯಾದರೂ ಗದರುತ್ತಾರೆ, ಸಂಜೆ ಹೋದರೆ ಅವರಿಗೆ ಪುರಸೊತ್ತಿಲ್ಲ. ಬೆಳಗ್ಗೆ ಒಂದೆರಡು ಸೇರು ಹೋದ ಮೇಲೆಯೇ ಸರಿಯಾದ ಹೊತ್ತು. "ಪರಿಷೆ ಹೇಗಿದೆ?" ಎಂದರೆ "ಚೆನ್ನಾಗೈತೆ" ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು. "ಯಾವೂರಿಂದ ಬಂದ್ರಿ ಅಜ್ಜಿ? ರಾತ್ರಿ ಮೂಟೆ ಕಾಯೋರು ಯಾರು?" ಎಂದರೆ ಮಾಗಡಿಯೋ ಚಿಂತಾಮಣಿಯೋ ತಾನಾಗಿ ಬಾಯಿಗೆ ಬರುತ್ತದೆ. ಬೆಳೆ ಮೇಯುತ್ತಿದ್ದ ಬಸವನ ಐತಿಹ್ಯವನ್ನು ಎಲ್ಲರೂ ಹೇಳುವುದರಿಂದ ಸಂಚಿಕೆಯಲ್ಲಿ ಅದಕ್ಕೆ ಒಂದೇ ಜಾಗ.

ತಿದ್ದುವುದು ಕರಡಿನಲ್ಲಿ ಮಾತ್ರ, ಅದೂ ಪೆನ್ಸಿಲಿನಲ್ಲಿ. ಕೆಂಪು ಇಂಕು ಕಂಡ ಹುಡುಗ ಮುಂದಿನ ಸಲ ಕಥೆಯೇ ಹೇಳುವುದಿಲ್ಲ. ಕಾಗುಣಿತ ಸರಿ ಮಾಡಬಹುದು. "ಬತ್ತಿದ್ದೆ" ಅಂದದ್ದನ್ನು "ಬರುತ್ತಿದ್ದೆ" ಮಾಡುವಂತಿಲ್ಲ. ಕೊನೆಗೆ ಅಂಟಿಸಿದ "ನೀತಿ" ಸಾಲಿಗೆ ಮಾತ್ರ ಕರುಣೆಯಿಲ್ಲದೆ ಕತ್ತರಿ. ಆಮೇಲೆ ಹೇಳಿದವರ ಎದುರು ಪೂರ್ತಿ ಓದಿ, ಅವರು ಹೂಂ ಅಂದರಷ್ಟೇ ನಕಲು.

22×28 ಅಂಗುಲದ ಚಾರ್ಟನ್ನು ಉದ್ದಕ್ಕೆ ನಿಲ್ಲಿಸಿದರೆ ನಾಲ್ಕು ಎ4 ಹಾಳೆ ಹಿಡಿಸಿ, ತಲೆಬರಹಕ್ಕೆ ನಾಲ್ಕೂವರೆ ಅಂಗುಲ ಉಳಿಯುತ್ತದೆ. ಅಡ್ಡಕ್ಕಿಟ್ಟರೆ ಮೂರೇ ಹಾಳೆ. ಅಂಟಿಗೆ ಒಂದು ಪಾಲು ಮೈದಾ, ಐದು ಪಾಲು ನೀರು. ಮೊದಲು ತಣ್ಣೀರಲ್ಲಿ ಗಂಟಿಲ್ಲದೆ ಕದಡಿ ಆಮೇಲೆ ಒಲೆಗೆ, ಇಲ್ಲದಿದ್ದರೆ ಅದು ಉಂಡೆಗಟ್ಟುತ್ತದೆ. ಜಿರಳೆ ತಿನ್ನದಂತೆ ಹಾಕುವ ಚಿಟಿಕೆ ಮೈಲುತುತ್ತ ವಿಷ. ಅದು ಮೇಷ್ಟ್ರ ಕೈಯಲ್ಲೇ ಬೀಳಬೇಕು. ಹಾಳೆಯ ಬೆನ್ನಿಗೆಲ್ಲ ಅಂಟು ಬಳಿದರೆ ಕಾಗದ ನೆಂದು ಹಿಗ್ಗಿ ಸುಕ್ಕಾಗುತ್ತದೆ, ಅಂಚಿಗಷ್ಟೇ ಸಾಕು. ಸ್ಕೆಚ್ ಪೆನ್ನು ಚಂದವೇ, ಆದರೆ ಮಳೆಯ ಎರಚಲು ಬಡಿದರೆ ಕಥೆ ಹರಿದು ಕೆಳಗಿನವರ ಹಾಳೆಗೆ ಸೇರುತ್ತದೆ. ಬಾಲ್ ಪೆನ್ನೇ ವಾಸಿ, ಅದರಲ್ಲೂ ಕಪ್ಪು. ನೀಲಿ ಜೆರಾಕ್ಸಿನಲ್ಲಿ ಮಂಕಾಗುತ್ತದೆ.

ವರ್ಷದ ಕೊನೆಗೆ ಅವೇ ಹಾಳೆಗಳು ಪುಸ್ತಕವಾಗುತ್ತಿದ್ದವು. ಒಂದೊಂದು ಪುಟವೂ ಅರ್ಧ ಹಾಳೆಗೆ ಹಿಡಿಸುವಂತೆ ಶೇ 71ಕ್ಕೆ ಕುಗ್ಗಿಸಿ, ಎರಡೂ ಬದಿ ಜೆರಾಕ್ಸ್ ತೆಗೆಸಿ, ನಡುವೆ ಮಡಿಸಿದರೆ ನಾಲ್ಕು ಹಾಳೆಗೆ 16 ಪುಟ. ಒಂದೇ ಬದಿಯಲ್ಲಿ ಬರುವ ಎರಡು ಪುಟಸಂಖ್ಯೆ ಕೂಡಿದರೆ 17 ಆಗಬೇಕು: 16 ಮತ್ತು 1, 2 ಮತ್ತು 15. ಲೆಕ್ಕ ತಪ್ಪಿದರೆ ಅಜ್ಜಿ ಊರಿಂದ ಹೊರಡುವ ಮುಂಚೆಯೇ ಮೂಟೆ ಖಾಲಿಯಾಗಿರುತ್ತದೆ. ಪಿನ್ನು ಹೊಡೆಯುವ ಮೊದಲು ಇದನ್ನು ಕೂಡಿ ನೋಡುವುದು ಏಳನೇ ತರಗತಿಯವರ ಪಾಲಿನ ಕೆಲಸ.