ಲೀತ್‌ನಲ್ಲಿ ಬೀದರಿನ ಮಾತು

ಸ್ಕಾಟ್‌ಲೆಂಡಿನ ಎಡಿನ್‌ಬರೋದ ಕೋಟೆ, ಅರಮನೆ, ವಿಸ್ಕಿ ಅಂಗಡಿ ಅಂತ ಮೂರು ದಿನ ಸುತ್ತಿದ್ದೇ ಬಂತು. ತೇರು ನೋಡಲು ಹೋಗಿ ಮುಂದೆ ನಿಂತವರ ಬೆನ್ನು ನೋಡಿ ಬಂದಂತೆ. ನಾಲ್ಕನೆಯ ದಿನ ಒಬ್ಬಳೇ ಅದರ ಬಂದರು ಪ್ರದೇಶವಾದ ಲೀತ್‌ಗೆ ಹೊರಟೆ.

ಒಂದು ಮಾತು: ಟ್ರ್ಯಾಮಿನ ಟಿಕೆಟ್ ಹತ್ತುವ ಮೊದಲೇ ತೆಗೆದುಕೊಳ್ಳಿ. ನಮ್ಮ ಬಸ್ಸಿನ ಹಾಗೆ ಒಳಗೆ ಕೊಡುತ್ತಾರೆಂದು ಹತ್ತಿದ ನಾನು ಹಲವು ಪಟ್ಟು ಹಣ ತೆತ್ತೆ. ಈಗಲೂ ಹೊಟ್ಟೆ ಉರಿಯುತ್ತದೆ.

ಅದೇ ಸಿಟ್ಟಿನಲ್ಲಿ ಪಿಲ್ರಿಗ್‌ನಲ್ಲಿ ಇಳಿದು ನಡೆದೆ. ಗುಡ್ಡದ ಮೇಲಿನ ಎಡಿನ್‌ಬರೋದಿಂದ ಸಮುದ್ರದ ಕಡೆಗೆ ಇಳಿಜಾರು ರಸ್ತೆ. 1920ರವರೆಗೆ ಎರಡು ಊರುಗಳ ಗಡಿ ಇಲ್ಲೇ ಇತ್ತು. ಲೀತ್‌ನ ಟ್ರ್ಯಾಮ್ ವಿದ್ಯುತ್ತಿನದು, ಎಡಿನ್‌ಬರೋದ್ದು ಕೇಬಲ್ ಎಳೆಯುವಂಥದು. ಮಳೆಯಿರಲಿ, ಮಗು ಕಂಕುಳಲ್ಲಿರಲಿ, ಇಲ್ಲಿ ಇಳಿದು ಇನ್ನೊಂದು ಹತ್ತಬೇಕಿತ್ತು. ವಿಲೀನ ಬೇಕೇ ಎಂದು ಲೀತ್‌ನವರನ್ನು ಕೇಳಿದಾಗ ಒಬ್ಬರು ಬೇಕೆಂದರೆ ಸುಮಾರು ಆರು ಜನ ಬೇಡವೆಂದರು. ಆದರೂ ಸೇರಿಸಿಬಿಟ್ಟರು.

ಹೊಳೆ ಸಮುದ್ರ ಸೇರುವಲ್ಲಿ ಹಳೆಯ ಬಂದರು. ದಂಡೆಯ ಮೀನಿನ ಹೋಟೆಲುಗಳ ಬೆಲೆಪಟ್ಟಿ ಓದಿಯೇ ನನ್ನ ಹಸಿವು ಅರ್ಧ ಇಂಗಿತು. ಅಲ್ಲಿಂದ ಶೆರಿಫ್ ಬ್ರೇ ಕಡೆ ತಿರುಗಿದೆ. ಚೂಪು ಗೋಪುರದ ಕಲ್ಲಿನ ಚರ್ಚು, ಒಳಗೆ ಗುರುದ್ವಾರ!

ಹಿಂದಿನ ರಾತ್ರಿ ಇದರ ಬಗ್ಗೆ ಓದಿದ್ದೆ. 1840ರ ದಶಕದಲ್ಲಿ ಇದನ್ನು ಕಟ್ಟಿಸಿದವನು ಲೀತ್‌ನಲ್ಲೇ ಹುಟ್ಟಿದ ಜಾನ್ ಗ್ಲ್ಯಾಡ್‌ಸ್ಟನ್, ಮುಂದೆ ಬ್ರಿಟನ್ನಿನ ಪ್ರಧಾನಿಯಾದವನ ಅಪ್ಪ. ಡೆಮೆರಾರಾದಲ್ಲಿ, ಅಂದರೆ ಇಂದಿನ ಗಯಾನಾದಲ್ಲಿ, ಅವನ ಕಬ್ಬಿನ ತೋಟಗಳಿದ್ದವು, ದುಡಿಯುತ್ತಿದ್ದವರು ಗುಲಾಮರು. ಗುಲಾಮಗಿರಿ ರದ್ದಾದ ಮೇಲೆ, 1836ರಲ್ಲಿ, ಕಲ್ಕತ್ತಾದ ಕಂಪನಿಯೊಂದಕ್ಕೆ ಪತ್ರ ಬರೆದು ಆಳುಗಳನ್ನು ಕೇಳಿದ. 1838ರ ಮೇ ತಿಂಗಳಲ್ಲಿ ವಿಟ್‌ಬಿ, ಹೆಸ್ಪೆರಸ್ ಎಂಬ ಎರಡು ಹಡಗುಗಳು ಸುಮಾರು ನಾನೂರು ಭಾರತೀಯರನ್ನು ಅಲ್ಲಿ ಇಳಿಸಿದವು. ಕರಾರಿನ ಕೂಲಿಗಳು.

ತಲೆಗೆ ವಸ್ತ್ರ ಕಟ್ಟಿಕೊಂಡು ಲಂಗರಿನಲ್ಲಿ, ಅಂದರೆ ಗುರುದ್ವಾರದ ಪಂಕ್ತಿಯೂಟಕ್ಕೆ, ಕೂತೆ. ದಾಲ್ ಬಡಿಸಿದ ಮುದುಕರಿಗೆ ಇದನ್ನೆಲ್ಲ ನನ್ನ ಹರಕು ಹಿಂದಿಯಲ್ಲಿ ಹೇಳಿದೆ. ಅವರಪ್ಪ ಪೆಟ್ಟಿಗೆಯಲ್ಲಿ ಬಟ್ಟೆ ಹೊತ್ತು ಮನೆಮನೆಗೆ ಮಾರುತ್ತಿದ್ದವರಂತೆ. ಗ್ಲ್ಯಾಡ್‌ಸ್ಟನ್ ಕಥೆ ಅವರಿಗೆ ಹೊಸದಲ್ಲ, ದೊಡ್ಡದೂ ಅಲ್ಲ.

"ಚಾವಣಿ ಬಹಳ ಎತ್ತರಕ್ಕೆ ಕಟ್ಟಿಬಿಟ್ಟ ಬೇಟಿ, ಚಳಿಗಾಲದಲ್ಲಿ ಎಷ್ಟು ಉರಿಸಿದರೂ ಬೆಚ್ಚಗಾಗಲ್ಲ" ಅಂದರು. ಆಮೇಲೆ, "ಯಾವ ಊರು?"

"ಕರ್ನಾಟಕ. ಬೆಂಗಳೂರು."

ಮುಖ ಅರಳಿತು. "ಹಾಗಾದರೆ ಬೀದರ್! ಅಲ್ಲಿನ ಗುರುದ್ವಾರ ಝೀರಾ ಸಾಹಿಬ್‌ನ ನೀರು ಕುಡಿದಿದ್ದೀಯಲ್ಲ?"

ಪಂಜ್ ಪ್ಯಾರೇಗಳಲ್ಲಿ, ಅಂದರೆ ಗುರು ಗೋವಿಂದ ಸಿಂಗರ ಐವರು ಪ್ರಿಯ ಶಿಷ್ಯರಲ್ಲಿ, ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಬೀದರಿನವರೆಂದೂ ತಾವು ಇಲ್ಲಿಂದ ಎರಡು ಸಲ ಅಲ್ಲಿಗೆ ಹೋಗಿದ್ದೆವೆಂದೂ ಹೇಳಿದರು. ಬಂಡೆಯಿಂದ ಜಿನುಗುವ ಆ ನೀರಿನ ರುಚಿ ವರ್ಣಿಸಿದರು. ನಾನು ತಟ್ಟೆ ನೋಡುತ್ತ, "ಬೀದರಿಗೆ ಇನ್ನೂ ಹೋಗಿಲ್ಲ" ಅಂದೆ.

"ಬಹಳ ದೂರವೇ?"

"ರೈಲಿನಲ್ಲಿ ಒಂದು ರಾತ್ರಿ."

ಅವರು ಏನೂ ಅನ್ನಲಿಲ್ಲ. ಬೇಡವೆಂದರೂ ಇನ್ನೊಂದು ರೊಟ್ಟಿ ಹಾಕಿ ಮುಂದಿನ ಸಾಲಿಗೆ ಹೋದರು.