ಬಿಸಿನೆಸ್ ಕ್ಲಾಸ್ ಬೇಕು, ಆದರೆ ರಾತ್ರಿಗೆ ಮಾತ್ರ

ತಂಗಿಯ ಬಾಣಂತನಕ್ಕೆ ಅಮ್ಮನನ್ನು ಸ್ಯಾನ್ ಫ್ರಾನ್ಸಿಸ್ಕೋಗೆ ಕರೆದುಕೊಂಡು ಹೋಗಬೇಕಿತ್ತು. ಅಮ್ಮನಿಗೆ 68, ಎರಡೂ ಮೊಣಕಾಲು ನೋವು. ಇಪ್ಪತ್ತು ಗಂಟೆ ಕಾಲು ಮಡಿಸಿ ಕೂರುವುದು ಅವರ ಕೈಲಾಗದು. ಪೂರ್ತಿ ಬಿಸಿನೆಸ್ ಕ್ಲಾಸ್ ನಮ್ಮ ಕೈಲಾಗದು.

ಕೊನೆಗೆ ದಾರಿಯನ್ನು ಎರಡು ಭಾಗ ಮಾಡಿದೆವು. ಬೆಂಗಳೂರಿನಿಂದ ಯುರೋಪಿಗೆ ನಡುರಾತ್ರಿ ಹೊರಡುವ ವಿಮಾನ, ಸುಮಾರು ಹತ್ತು ಗಂಟೆ. ಅದಕ್ಕೆ ಸೀಟೇ ಹಾಸಿಗೆಯಾಗುವ ಬಿಸಿನೆಸ್. ಅಲ್ಲಿಂದ ಮುಂದಿನ ಹನ್ನೊಂದು ಗಂಟೆಗೆ ಪ್ರೀಮಿಯಂ ಎಕಾನಮಿ, ಅಂದರೆ ಮಾಮೂಲಿ ಸೀಟಿಗಿಂತ ಸ್ವಲ್ಪ ಅಗಲ, ಕಾಲಿಗೆ ಹೆಚ್ಚು ಜಾಗ, ಆದರೆ ಹಾಸಿಗೆ ಇಲ್ಲ. ಹಗಲಿನಲ್ಲಿ ಪಡುವಣಕ್ಕೆ ಹಾರುವಾಗ ಹಗಲು ಮುಗಿಯುವುದೇ ಇಲ್ಲ, ಹಾಸಿಗೆ ಇದ್ದರೂ ನಿದ್ದೆ ಬರಬೇಕಲ್ವಾ? ವೆಬ್‌ಸೈಟಿನಲ್ಲಿ ಹೀಗೆ ಬೇರೆ ಬೇರೆ ಕ್ಲಾಸ್ ಆರಿಸಲು ಆಗದಿದ್ದರೆ ಟ್ರಾವೆಲ್ ಏಜೆಂಟ್ ಹತ್ತಿರ ಮಾಡಿಸಿ. ಲಗೇಜ್ ಎಷ್ಟು ಅಂತಲೂ ಆಗಲೇ ಕೇಳಿಕೊಳ್ಳಿ. ಬಿಸಿನೆಸ್‌ಗೆ ಸಾಮಾನ್ಯವಾಗಿ 32 ಕೆಜಿಯ ಎರಡು ಪೆಟ್ಟಿಗೆ ಇರುತ್ತವೆ, ಆದರೆ ಮಿಶ್ರ ಟಿಕೆಟ್ಟಿಗೆ ನಿಯಮ ಬೇರೆ ಇರಬಹುದು. ಅಂಟಿನುಂಡೆ ಡಬ್ಬಿಗಳ ತೂಕ ಸುಮ್ನೆ ಅಲ್ಲ! ಅಂದಹಾಗೆ, ಹಸಿ ಕರಿಬೇವು ಅಮೆರಿಕಕ್ಕೆ ಒಯ್ಯುವಂತಿಲ್ಲ.

ಸೀಟಿನ ವಿಷಯದಲ್ಲಿ ನಾನು ಎಡವಿದೆ. ಮಲಗುವ ಸೀಟು ಅಂದರೆ ಎಲ್ಲಾ ಒಂದೇ ಅಂದುಕೊಂಡಿದ್ದೆ. ಈಗಿನ ಎಷ್ಟೋ ವಿಮಾನಗಳಲ್ಲಿ ಸೀಟು ಹಾಸಿಗೆ ಆದಾಗ ಪಾದಗಳು ಮುಂದಿನ ಸೀಟಿನ ಪಕ್ಕದ ಒಂದು ಗೂಡಿನೊಳಗೆ ಹೋಗುತ್ತವೆ. ಅಮ್ಮ ಮಲಗುವುದು ಮಗ್ಗುಲಾಗಿ, ಮೊಣಕಾಲು ಮಡಿಸಿ. ಗೂಡು ಕಿರಿದು. ಪಾದ ಒಳಗಿಟ್ಟರೆ ಹೊರಳಲು ಆಗದು, ಹೊರಗೆ ಎಳೆದುಕೊಂಡರೆ ಮಂಡಿ ಬದಿಯ ಗೋಡೆಗೆ ತಾಗುತ್ತದೆ. "ಇದೇನೋ, ತೊಟ್ಟಿಲಲ್ಲಿ ಮಲಗಿಸಿದ ಹಾಗಿದೆ" ಅಂದರು. ನನ್ನದು ಮೊದಲ ಸಾಲು. ಮುಂದೆ ಬರೀ ಗೋಡೆ, ಗೂಡು ಅಗಲವಾಗಿತ್ತು. ಸೀಟು ಬದಲಿಸಿಕೊಂಡ ಮೇಲೆ ಅವರಿಗೆ ಆರು ಗಂಟೆ ನಿದ್ದೆ. ನೀವು ಬುಕ್ ಮಾಡುವ ದಿನವೇ ಸೀಟಿನ ನಕ್ಷೆ ನೋಡಿ, ಮೊದಲ ಸಾಲು ಹಿಡಿಯಿರಿ. ಸಾಲಿನಲ್ಲಿ 1-2-1 ಜೋಡಣೆ (ಒಂದು ಸೀಟು, ದಾರಿ, ಎರಡು ಸೀಟು, ದಾರಿ, ಒಂದು ಸೀಟು) ಇದ್ದರೆ ಎಲ್ಲರಿಗೂ ನೇರ ಓಡಾಟದ ದಾರಿ ಸಿಗುತ್ತದೆ. 2-3-2 ಇದ್ದರೆ ನಡುರಾತ್ರಿ ಯಾರನ್ನಾದರೂ ದಾಟಿಕೊಂಡೇ ಬಾತ್‌ರೂಮಿಗೆ ಹೋಗಬೇಕಾದೀತು.

ಊಟಕ್ಕೆ ಬರೀ 'ವೆಜಿಟೇರಿಯನ್' ಅಂತ ಹಾಕಬೇಡಿ, ಬೇಯಿಸಿದ ತರಕಾರಿ, ಪಾಸ್ತಾ ಬರಬಹುದು. ನಮ್ಮ ಕಡೆಯ ರುಚಿಯ ಊಟ ಬೇಕಿದ್ದರೆ 'ಏಷ್ಯನ್ ವೆಜಿಟೇರಿಯನ್' ಅಂತ ಕನಿಷ್ಠ 24 ಗಂಟೆ ಮುಂಚೆ ಹೇಳಿ. ಆದರೂ ನಡುರಾತ್ರಿಯ ವಿಮಾನದಲ್ಲಿ ಊಟಕ್ಕೆ ಕಾದು ಕೂತರೆ ಹಾಸಿಗೆಗೆ ಕೊಟ್ಟ ದುಡ್ಡು ದಂಡ. ಅಮ್ಮ ಮನೆಯಲ್ಲೇ ಮೊಸರನ್ನ ಉಂಡು ಬಂದಿದ್ದರು. ಹತ್ತಿದ ಕೂಡಲೇ "ತಿಂಡಿಗೆ ಮಾತ್ರ ಎಬ್ಬಿಸಿ" ಅಂತ ಹೇಳಿಬಿಟ್ಟೆವು.

ವಾಪಸ್ ಬರುವಾಗ ಲೆಕ್ಕ ತಿರುಗುಮುರುಗು. ಸ್ಯಾನ್ ಫ್ರಾನ್ಸಿಸ್ಕೋದಿಂದ ಯುರೋಪಿಗೆ ಬರುವುದೇ ರಾತ್ರಿ ಪ್ರಯಾಣ. ಅಮ್ಮ ಬರುವ ತಿಂಗಳು ಹೊರಡುತ್ತಾರೆ, ಈ ಸಲ ಆ ಭಾಗಕ್ಕೇ ಬಿಸಿನೆಸ್ ಹಾಕಿದ್ದೇನೆ. ಮೊದಲ ಸಾಲೇ ಸಿಕ್ಕಿದೆ.